ಸೆಲ್ಮಾ ಲಾಗರ್‌ಲಾಫ್

ಸಾಹಿತ್ಯಕ್ಕಾಗಿ ನೊಬೆಲ್ ಬಹುಮಾನವನ್ನು ಕೊಡುವ ಪದ್ಧತಿ 1901ರಲ್ಲಿ ಆರಂಭವಾಯಿತು. ಮೊದಲ ಎಂಟು ವರ್ಷಗಳ ಕಾಲ ಆ ಗೌರವ ಪುರುಷರಿಗೇ ಸಂದಿತು. 1909ರಲ್ಲಿ ಮೊತ್ತಮೊದಲ ಬಾರಿಗೆ ಅದು ಒಬ್ಬ ಮಹಿಳೆಗೆ ದೊರೆಯಿತು. ನಮ್ಮ ರವೀಂದ್ರನಾಥ ಠಾಕೂರರಿಗೆ ಈ ಬಹುಮಾನ ಬಂದುದು ಅದಾದ ನಾಲ್ಕು ವರ್ಷಗಳ ಮೇಲೆ. ಹೀಗೆ ಮೊದಲಿಗಳೆನಿಸಿದ ಆ ಮಹಿಳೆಯೇ ಸ್ವೀಡನ್ ದೇಶದ ಕಾದಂಬರಿಕಾರ್ತಿ ಸೆಲ್ಮಾ ಲಾಗರ್‌ಲಾಫ್. ಆಕೆ ಸಿರಿವಂತಿಕೆಯಲ್ಲಿ ಬೆಳೆದವಳಲ್ಲ. ದೊಡ್ಡ ವಿದ್ವಾಂಸರ ಬಳಗದಲ್ಲಿ ಹುಟ್ಟಿದವಳೂ ಅಲ್ಲ. ಕುಂಟುತ್ತ ನಡೆಯುತ್ತಿದ್ದ ಹುಡುಗಿ, ತಂದೆಯ ಮನೆ ಅನ್ಯರ ಪಾಲಾದುದನ್ನು ಕಂಡ ಮಗಳು, ಹತ್ತು ವರ್ಷ ಬಾಲಕಿಯರಿಗೆ ಪಾಠ ಹೇಳಿದ ಉಪಾಧ್ಯಾಯಿನಿ ಆಕೆ. ಕಳೆದುಹೋದ ಮನೆಯನ್ನು ಕಥೆಗಳ ಬಲದಿಂದಲೇ ಮರಳಿ ಪಡೆದ ಆಕೆಯ ಬಾಳು ತಾನೇ ಒಂದು ಸೊಗಸಾದ ಕಥೆಯಂತಿದೆ.

ಯೂರೋಪಿನ ಉತ್ತರ ತುದಿಯಲ್ಲಿರುವ ಸ್ವೀಡನ್ ಚಳಿಯ ನಾಡು. ಅದರ ಪಶ್ಚಿಮ ಭಾಗದಲ್ಲಿ ವೆರ್ಮ್‌ಲಂಡ್ ಎಂಬ ಪ್ರಾಂತವಿದೆ. ನೀಳವಾದ ಸರೋವರಗಳು, ದಟ್ಟವಾದ ಕಾಡುಗಳು, ಕಬ್ಬಿಣದ ಅದಿರನ್ನು ಕರಗಿಸುವ ಹಳೆಯ ಕುಲುಮೆಗಳು ಇವು ಆ ಸೀಮೆಯ ಗುರುತುಗಳಾಗಿದ್ದುವು. ಅಲ್ಲಿನ ಮೋರ್ಬಾಕ ಎಂಬ ತೋಟದ ಮನೆಯಲ್ಲಿ 1858ನೆಯ ನವೆಂಬರ್ 20ರಂದು ಸೆಲ್ಮಾ ಜನಿಸಿದಳು. ತಂದೆ ಎರಿಕ್ ಗುಸ್ತಾಫ್ ಲಾಗರ್‌ಲಾಫ್ ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದವನು. ಹಾಡು, ವಿನೋದ, ಅತಿಥಿಸತ್ಕಾರ ಎಂದರೆ ಆತನಿಗೆ ಪ್ರಾಣ. ಪ್ರತಿ ವರ್ಷ ಆಗಸ್ಟ್ 17ರಂದು ಆತನ ಹುಟ್ಟುಹಬ್ಬಕ್ಕೆ ಸುತ್ತಮುತ್ತಲ ಬಂಧುಮಿತ್ರರೆಲ್ಲ ಮೋರ್ಬಾಕದಲ್ಲಿ ನೆರೆಯುತ್ತಿದ್ದರು. ನಾಟಕ, ಹಾಡು, ಕುಣಿತಗಳಿಂದ ಮನೆ ತುಂಬಿಹೋಗುತ್ತಿತ್ತು. ತಾಯಿ ಲೂಯಿಸಾ ಮಿತಮಾತಿನ, ಮನೆವಾರ್ತೆಯಲ್ಲಿ ದಕ್ಷಳಾದ ಗೃಹಿಣಿ.

ಸೆಲ್ಮಾಳ ಸೊಂಟದ ಕೀಲಿನಲ್ಲಿ ಹುಟ್ಟಿನಿಂದಲೇ ದೋಷವಿತ್ತು. ಮೂರು ವರ್ಷ ದಾಟಿದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಆಕೆಯ ಕಾಲುಗಳು ಸ್ವಾಧೀನ ತಪ್ಪಿದುವು. ಎಲ್ಲಿಗೆ ಹೋಗಬೇಕಾದರೂ ಯಾರಾದರೂ ಎತ್ತಿಕೊಂಡು ಹೋಗಬೇಕಾಯಿತು. ಸಮುದ್ರಸ್ನಾನದಿಂದ ಗುಣವಾಗಬಹುದೆಂದು ತಂದೆತಾಯಿಗಳು ಆಕೆಯನ್ನು ಪಶ್ಚಿಮ ತೀರದ ಸ್ಟ್ರೋಮ್‌ಸ್ಟಾಡ್ ಎಂಬ ಊರಿಗೆ ಕರೆದೊಯ್ದರು. ಅಲ್ಲಿಗೆ ಬಂದಿದ್ದ ಒಂದು ಹಡಗಿನ ಕಪ್ತಾನನ ಬಳಿ ಸ್ವರ್ಗಪಕ್ಷಿ ಇದೆ ಎಂದು ಮಕ್ಕಳು ಕೇಳಿದರು. ಆ ಪಕ್ಷಿಯನ್ನು ಕಾಣುವ ಆತುರದಲ್ಲಿ ಪುಟ್ಟ ಸೆಲ್ಮಾ ತನಗೆ ನಡೆಯಲಾಗದೆಂಬುದನ್ನೇ ಮರೆತು, ಹಡಗಿನೊಳಕ್ಕೆ ತಾನೇ ಕಾಲಿಟ್ಟು ನಡೆದಳು! ಮುಂದೆ ತನ್ನ ಬಾಲ್ಯದ ನೆನಪುಗಳನ್ನು ಬರೆದಾಗ ಆಕೆ ಈ ಪ್ರಸಂಗವನ್ನು ಬಣ್ಣಿಸಿದ್ದಾಳೆ. ಕಾಲಿಗೆ ಶಕ್ತಿ ಮರಳಿತಾದರೂ ಕುಂಟು ಮಾತ್ರ ಜೀವನಪರ್ಯಂತ ಉಳಿಯಿತು. ಓರಗೆಯವರು ಓಡಿ ಆಡುತ್ತಿದ್ದಾಗ ಆಕೆ ಕುಳಿತು ಕೇಳುವುದನ್ನೂ ಓದುವುದನ್ನೂ ಕಲಿತಳು.

ಕೇಳುವುದಕ್ಕೆ ಮೋರ್ಬಾಕದಲ್ಲಿ ಕೊರತೆಯಿರಲಿಲ್ಲ. ಮೂಲೆಯ ಸೋಫಾದ ಮೇಲೆ ಕುಳಿತು ಬೆಳಗಿನಿಂದ ಸಂಜೆಯವರೆಗೆ ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜಿ ಇದ್ದಳು. ಸೆಲ್ಮಾಳಿಗೆ ಐದು ವರ್ಷವಾದಾಗ ಆ ಅಜ್ಜಿ ತೀರಿಕೊಂಡಳು. ಮನೆಯಿಂದ ಕಥೆಗಳೂ ಹಾಡುಗಳೂ ಅಜ್ಜಿಯೊಡನೆಯೇ ಹೊರಟುಹೋದುವೆಂದು ಆ ಮಗುವಿಗೆ ಅನ್ನಿಸಿತು. ಆದರೆ ಕೇಳಿದ ಕಥೆಗಳು ಆಕೆಯ ಮನಸ್ಸಿನಲ್ಲಿ ಬೀಜಗಳಂತೆ ಉಳಿದುವು. ಏಳು ವರ್ಷದವಳಿದ್ದಾಗ ಆಕೆಯ ಕೈಗೆ ಅಮೆರಿಕದ ಮೂಲನಿವಾಸಿಗಳ ಬಗೆಗಿನ ಒಂದು ಸಾಹಸ ಕಾದಂಬರಿ ಸಿಕ್ಕಿತು. ಅದನ್ನು ಓದಿ ಮುಗಿಸುವ ಹೊತ್ತಿಗೆ, ದೊಡ್ಡವಳಾದ ಮೇಲೆ ತಾನೂ ಕಾದಂಬರಿ ಬರೆಯಬೇಕೆಂಬ ಸಂಕಲ್ಪ ಆಕೆಯಲ್ಲಿ ಮೂಡಿತ್ತು.

ಆದರೆ ಸಂಕಲ್ಪದ ದಾರಿ ಸುಗಮವಾಗಿರಲಿಲ್ಲ. ತಂದೆಯ ಆರೋಗ್ಯ ಕೆಟ್ಟಿತು. ವ್ಯವಹಾರ ಆತನ ಕೈಗೆ ಒಗ್ಗುವ ವಿದ್ಯೆಯಾಗಿರಲಿಲ್ಲ. ಸಾಲ ಬೆಳೆಯುತ್ತ ಹೋಯಿತು. ಆ ಕಾಲದ ಸ್ವೀಡನ್ನಿನಲ್ಲಿ ಗೌರವಸ್ಥ ಕುಟುಂಬದ ಹೆಣ್ಣುಮಕ್ಕಳು ಮನೆಯಲ್ಲಿಯೇ ಓದುಬರೆಹ ಕಲಿತು ಮದುವೆಗಾಗಿ ಕಾಯುವುದು ವಾಡಿಕೆಯಾಗಿತ್ತು. ಸೆಲ್ಮಾ ಹಾಗೆ ಕಾಯಲು ಒಪ್ಪಲಿಲ್ಲ. ತಂದೆಗೆ ಇಷ್ಟವಿರದಿದ್ದರೂ ಸಾಲದ ಹಣವನ್ನು ಒದಗಿಸಿಕೊಂಡು 1881ರಲ್ಲಿ ರಾಜಧಾನಿ ಸ್ಟಾಕ್‌ಹೋಮಿಗೆ ಹೊರಟಳು. ಒಂದು ವರ್ಷದ ಸಿದ್ಧತೆಯ ಬಳಿಕ, 1882ರಲ್ಲಿ ಉಪಾಧ್ಯಾಯಿನಿಯರ ಉನ್ನತ ಶಿಕ್ಷಣ ಕೇಂದ್ರಕ್ಕೆ ಆಕೆಗೆ ಪ್ರವೇಶ ದೊರೆಯಿತು. ಆಗ ಆಕೆಗೆ ಇಪ್ಪತ್ತಮೂರು ವರ್ಷ.

ಸ್ಟಾಕ್‌ಹೋಮಿನಲ್ಲಿದ್ದಾಗಲೇ ಆಕೆಯ ಮುಂದಿನ ಬದುಕನ್ನು ನಿರ್ಧರಿಸಿದ ಒಂದು ಘಟನೆ ನಡೆಯಿತು. ಒಂದು ದಿನ ಸಾಹಿತ್ಯದ ಪಾಠವನ್ನು ಕೇಳಿ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಆಕೆ ಬೀದಿಯಲ್ಲಿ ಹೋಗುತ್ತಿದ್ದಳು. ಆ ಪಾಠದಲ್ಲಿ ವರ್ಣಿತರಾಗಿದ್ದ ಕವಿಗಳ ಪಾತ್ರಗಳನ್ನು ಕುರಿತು ಚಿಂತಿಸುತ್ತಿದ್ದಂತೆ, ತನ್ನ ವೆರ್ಮ್‌ಲಂಡಿನ ಜನರೂ ಅವುಗಳಿಗೆ ಕಡಮೆಯಾದವರಲ್ಲ ಎಂಬ ಭಾವನೆ ಮಿಂಚಿನಂತೆ ಹೊಳೆಯಿತು. ಕುಲುಮೆಗಳ ಒಡೆಯರು, ಮನೆಮನೆ ತಿರುಗುತ್ತಿದ್ದ ನಿರ್ಗತಿಕ ಸೈನಿಕರು, ಪಿಟೀಲು ನುಡಿಸುತ್ತಿದ್ದ ಅಲೆಮಾರಿಗಳು, ಹೀಗೆ ಅಜ್ಜಿಯಿಂದಲೂ ಬಂಧುಗಳಿಂದಲೂ ತಾನು ಕೇಳಿದ್ದ ಕಥೆಗಳ ಜನರೆಲ್ಲ ಆಕೆಯ ಕಣ್ಣ ಮುಂದೆ ಬಂದು ನಿಂತರು. ಬೇರೆಲ್ಲಿಯೋ ಹುಡುಕುತ್ತಿದ್ದ ಕಥಾವಸ್ತು ತನ್ನ ಮನೆಯಂಗಳದಲ್ಲಿಯೇ ಇದೆಯೆಂದು ಆಕೆಗೆ ಅರಿವಾಯಿತು.

1885ರಲ್ಲಿ ತಂದೆ ತೀರಿಕೊಂಡನು. ಅದೇ ವರ್ಷ ಸೆಲ್ಮಾ ದಕ್ಷಿಣ ಸ್ವೀಡನ್ನಿನ ಲಾಂಡ್ಸ್‌ಕ್ರೋನಾ ಎಂಬ ಪಟ್ಟಣದ ಬಾಲಿಕೆಯರ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ಸೇರಿದಳು. ಹಗಲೆಲ್ಲ ಪಾಠ, ಉಳಿದ ಸಮಯದಲ್ಲಿ ಬರೆವಣಿಗೆ. ಮನಸ್ಸಿನಲ್ಲಿದ್ದ ಕಥೆಯನ್ನು ಪದ್ಯದಲ್ಲಿ ಬರೆದು ನೋಡಿದಳು. ನಾಟಕವಾಗಿ ಬರೆದು ನೋಡಿದಳು. ಅಂದಿನ ರೂಢಿಯ ವಾಸ್ತವಿಕ ಗದ್ಯದಲ್ಲಿಯೂ ಯತ್ನಿಸಿದಳು. ಯಾವುದೂ ಒಲಿಯಲಿಲ್ಲ. ಅಷ್ಟರಲ್ಲಿ ಮನೆಯಿಂದ ದುಃಖದ ಸುದ್ದಿ ಬಂದಿತು. ಸಾಲದ ಹೊರೆಯನ್ನು ತಾಳಲಾರದೆ ಕುಟುಂಬ ಮೋರ್ಬಾಕವನ್ನು ಬಿಟ್ಟುಕೊಡಬೇಕಾಗಿತ್ತು. ಕೊನೆಯ ಬಾರಿಗೆ ಮನೆಯನ್ನು ಕಾಣಲು ಆಕೆ ಊರಿಗೆ ಹೋದಳು. ಇನ್ನು ಈ ಕೋಣೆಗಳು, ಈ ತೋಟ, ಈ ಮರಗಳು ತನ್ನವಲ್ಲ. ಆದರೆ ಇಲ್ಲಿ ಕೇಳಿದ ಕಥೆಗಳನ್ನು ಯಾವ ಸಾಲಗಾರನೂ ಕಿತ್ತುಕೊಳ್ಳಲಾರನು. ಊರನ್ನು ಬಿಡುವ ಮುನ್ನ ಆಕೆ ದೃಢವಾಗಿ ನಿಶ್ಚಯಿಸಿದಳು: ಪಂಡಿತರು ಮೆಚ್ಚಲಿ ಬಿಡಲಿ, ತನಗೆ ಹೇಗೆ ತೋಚುವುದೋ ಹಾಗೆಯೇ ಆ ಕಥೆಯನ್ನು ಬರೆಯುವುದು. 1880ರ ದಶಕದ ಕೊನೆಗೆ ಮೋರ್ಬಾಕ ಪರರ ಕೈ ಸೇರಿತು.

1890ರಲ್ಲಿ ‘ಇದೂನ್’ ಎಂಬ ಮಹಿಳಾ ಪತ್ರಿಕೆ ಕಥಾಸ್ಪರ್ಧೆಯೊಂದನ್ನು ಏರ್ಪಡಿಸಿತು. ಸೆಲ್ಮಾ ತನ್ನ ಕಾದಂಬರಿಯ ಐದು ಅಧ್ಯಾಯಗಳನ್ನು ಕಳುಹಿಸಿದಳು. ಮೊದಲ ಬಹುಮಾನ ಆಕೆಗೇ ಬಂದಿತು. ಮಹಿಳೆಯರ ಏಳಿಗೆಗಾಗಿ ದುಡಿಯುತ್ತಿದ್ದ ಸೋಫಿ ಆಡ್ಲರ್‌ಸ್ಪಾರೆ ಎಂಬಾಕೆ ನೆರವು ನೀಡಿದುದರಿಂದ, ಶಾಲೆಯಿಂದ ರಜೆ ಪಡೆದು ಪುಸ್ತಕವನ್ನು ಪೂರ್ಣಗೊಳಿಸಲು ಸಾಧ್ಯವಾಯಿತು. ಹೀಗೆ 1891ರಲ್ಲಿ ‘ಗೋಸ್ಟಾ ಬರ್ಲಿಂಗನ ಕಥೆ’ ಪ್ರಕಟವಾಯಿತು. ಕುಡಿತದಿಂದ ಧರ್ಮಗುರುವಿನ ಪದವಿಯನ್ನು ಕಳೆದುಕೊಂಡ ಒಬ್ಬ ಸುಂದರ ತರುಣ, ಒಬ್ಬ ಶ್ರೀಮಂತ ಮಹಿಳೆಯ ಆಶ್ರಯದಲ್ಲಿ ಮೋಜಿನಿಂದ ಕಾಲ ಕಳೆಯುವ ಹನ್ನೆರಡು ಮಂದಿ, ಅವರ ಸ್ವೇಚ್ಛೆಯಿಂದ ನಾಡಿಗೆ ಒದಗುವ ಕೇಡು, ಕೊನೆಗೆ ದುಡಿಮೆಯಿಂದ ಅವರಿಗೆ ದೊರೆಯುವ ಬಿಡುಗಡೆ ಇವು ಆ ಕೃತಿಯ ವಸ್ತು. ಅಂದಿನ ಬರೆಹಗಾರರು ನಿತ್ಯಜೀವನವನ್ನು ಇದ್ದದ್ದು ಇದ್ದಂತೆ ಚಿತ್ರಿಸುವುದೇ ಶ್ರೇಷ್ಠವೆಂದು ನಂಬಿದ್ದರು. ದೆವ್ವ, ಶಾಪ, ಪವಾಡಗಳು ತುಂಬಿದ ಈ ಕಾದಂಬರಿಯನ್ನು ಕಂಡು ಹಲವು ವಿಮರ್ಶಕರು ಮೂಗು ಮುರಿದರು. ಆದರೆ 1893ರಲ್ಲಿ ಡೆನ್ಮಾರ್ಕಿನ ಪ್ರಸಿದ್ಧ ವಿಮರ್ಶಕ ಗೆಯೋರ್ಗ್ ಬ್ರಾಂಡೆಸ್, ಡೇನಿಷ್ ಅನುವಾದವನ್ನು ಓದಿ ಮೆಚ್ಚಿ ಬರೆದ ಮೇಲೆ ಸ್ವದೇಶದಲ್ಲಿಯೂ ಜನರ ಕಣ್ಣು ತೆರೆಯಿತು.

1895ರಲ್ಲಿ ಸ್ವೀಡನ್ನಿನ ಅರಸನಿಂದಲೂ ಸ್ವೀಡಿಷ್ ಅಕಾಡೆಮಿಯಿಂದಲೂ ಧನಸಹಾಯ ದೊರೆತುದರಿಂದ ಸೆಲ್ಮಾ ಉಪಾಧ್ಯಾಯ ವೃತ್ತಿಯನ್ನು ಬಿಟ್ಟು ಬರೆವಣಿಗೆಯನ್ನೇ ಬಾಳಿನ ಕಾಯಕವಾಗಿ ಕೈಗೊಂಡಳು. ಲೇಖಕಿ ಸೋಫಿ ಎಲ್ಕಾನ್ ಆಕೆಯ ಆಪ್ತ ಗೆಳತಿಯೂ ಪ್ರವಾಸದ ಸಂಗಾತಿಯೂ ಆದಳು. ಇಬ್ಬರೂ ಇಟಲಿಯಲ್ಲಿ ಸಂಚರಿಸಿದರು. ಶತಮಾನದ ಕೊನೆಯಲ್ಲಿ ಈಜಿಪ್ಟ್, ಪ್ಯಾಲೆಸ್ಟೈನುಗಳಿಗೂ ಹೋದರು. ಈ ಎರಡನೆಯ ಪ್ರವಾಸಕ್ಕೆ ಒಂದು ಕಾರಣವಿತ್ತು. ಸ್ವೀಡನ್ನಿನ ದಾಲರ್ನಾ ಪ್ರಾಂತದ ನೋಸ್ ಎಂಬ ಹಳ್ಳಿಯ ಕೆಲವು ರೈತ ಕುಟುಂಬಗಳು ಧಾರ್ಮಿಕ ಶ್ರದ್ಧೆಯಿಂದ 1896ರಲ್ಲಿ ಮನೆಮಠಗಳನ್ನು ಮಾರಿ ಜೆರೂಸಲೆಮಿಗೆ ವಲಸೆ ಹೋಗಿದ್ದುವು. ತಲೆತಲಾಂತರದಿಂದ ಉತ್ತ ಭೂಮಿಯನ್ನು ಮನುಷ್ಯರು ತೊರೆದು ಹೋಗುವುದೆಂದರೇನು? ಹಿಂದೆ ಉಳಿದವರ ಪಾಡೇನು? ಮನೆಯನ್ನು ಕಳೆದುಕೊಂಡಿದ್ದ ಸೆಲ್ಮಾಳಿಗೆ ಈ ಪ್ರಶ್ನೆಗಳು ಹೊರಗಿನವಾಗಿರಲಿಲ್ಲ. ಜೆರೂಸಲೆಮಿನಲ್ಲಿ ಆ ರೈತರನ್ನು ಸ್ವತಃ ಕಂಡುಬಂದು, 1901 ಮತ್ತು 1902ರಲ್ಲಿ ‘ಜೆರೂಸಲೆಮ್’ ಎಂಬ ಕಾದಂಬರಿಯನ್ನು ಎರಡು ಭಾಗಗಳಲ್ಲಿ ಪ್ರಕಟಿಸಿದಳು. ಪೂರ್ವಿಕರ ಭೂಮಿಯನ್ನು ಉಳಿಸಿಕೊಳ್ಳುವ ಸಲುವಾಗಿ ತಾನು ಒಲಿದ ಹುಡುಗಿಯನ್ನೇ ಬಿಟ್ಟುಕೊಡುವ ಇಂಗ್ಮಾರನ ಸಂಕಟವನ್ನು ಆಕೆ ಅಲ್ಲಿ ಮನಕರಗುವಂತೆ ಚಿತ್ರಿಸಿದ್ದಾಳೆ.

ಇದೇ ಹೊತ್ತಿಗೆ ಉಪಾಧ್ಯಾಯರ ಸಂಘ ಆಕೆಗೆ ಒಂದು ವಿಚಿತ್ರವಾದ ಕೆಲಸವನ್ನು ಒಪ್ಪಿಸಲು ಮುಂದೆ ಬಂದಿತು. ಶಾಲೆಯ ಮಕ್ಕಳಿಗಾಗಿ ಸ್ವೀಡನ್ ದೇಶದ ಭೂಗೋಳವನ್ನು ತಿಳಿಸುವ ಪಠ್ಯಪುಸ್ತಕವೊಂದನ್ನು ಆಕೆ ಬರೆದುಕೊಡಬೇಕು! ಖ್ಯಾತಿವೆತ್ತ ಕಾದಂಬರಿಕಾರ್ತಿ ಪಠ್ಯಪುಸ್ತಕ ಬರೆಯುವುದೇ ಎಂದು ಆಕೆ ಹಿಂಜರಿಯಲಿಲ್ಲ. ಮೂರು ವರ್ಷಗಳ ಕಾಲ ದೇಶದ ಪ್ರಾಣಿಪಕ್ಷಿಗಳು, ಗಿಡಮರಗಳು, ಗಣಿಗಳು, ಜನಪದ ಕಥೆಗಳು ಎಲ್ಲವನ್ನೂ ಅಭ್ಯಾಸ ಮಾಡಿದಳು. ಉತ್ತರದ ದೂರದ ಸೀಮೆಗಳಲ್ಲಿ ತಾನೇ ಸಂಚರಿಸಿದಳು. ಆದರೆ ಈ ವಿವರಗಳನ್ನೆಲ್ಲ ಮಕ್ಕಳು ಬೇಸರವಿಲ್ಲದೆ ಓದುವಂತೆ ಮಾಡುವುದು ಹೇಗೆ? ಆಕೆಗೆ ಹೊಳೆದ ಉಪಾಯ ಅಪೂರ್ವವಾದುದು. ನಿಲ್ಸ್ ಹೋಲ್ಗರ್‌ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿದ್ದಾನೆ. ಅವನು ಸೋಮಾರಿ, ಪ್ರಾಣಿಗಳನ್ನು ಹಿಂಸಿಸುವವನು. ಮನೆದೇವತೆಯಂತಹ ಒಬ್ಬ ಕುಳ್ಳನನ್ನು ಕೆಣಕಿ, ಅವನ ಮಾಯೆಯಿಂದ ತಾನೂ ಗೇಣುದ್ದದ ಕುಳ್ಳನಾಗುತ್ತಾನೆ. ಉತ್ತರಕ್ಕೆ ಹಾರುವ ಕಾಡುಬಾತುಗಳ ಹಿಂಡನ್ನು ಕಂಡು ಮನೆಯ ಬಿಳಿಯ ಗಂಡುಬಾತು ತಾನೂ ಹಾರಲು ಹವಣಿಸಿದಾಗ, ಅದನ್ನು ತಡೆಯಲು ಹೋಗಿ ಅದರ ಬೆನ್ನ ಮೇಲೆಯೇ ಆಕಾಶಕ್ಕೆ ಏರುತ್ತಾನೆ. ದಕ್ಷಿಣದ ಸ್ಕೋನೆಯ ಹೊಲಗಳಿಂದ ಉತ್ತರದ ಲಾಪ್‌ಲಂಡಿನ ಹಿಮಗಿರಿಗಳವರೆಗೆ ಇಡೀ ಸ್ವೀಡನ್ ಆ ಹುಡುಗನ ಕಣ್ಣ ಕೆಳಗೆ ಹರಡಿಕೊಳ್ಳುತ್ತದೆ. ಹಿಂಡಿನ ನಾಯಕಿಯಾದ ಮುದಿ ಬಾತಿನ ಹೆಸರು ಅಕ್ಕಾ. ಈ ಹೆಸರಿಗೂ ನಮ್ಮ ಭಾಷೆಗೂ ಸಂಬಂಧವಿಲ್ಲ. ಆದರೂ ತುಂಟ ಹುಡುಗನನ್ನು ತಿದ್ದಿ ಕಾಪಾಡುವ ಆ ಹಕ್ಕಿಗೆ ಅದು ಒಪ್ಪುವ ಹೆಸರೆಂದು ಕನ್ನಡಿಗರಿಗೆ ತೋರದಿರದು. ಪ್ರಾಣಿಗಳ ಸಹವಾಸದಲ್ಲಿ ನಿಲ್ಸ್ ದಯೆಯನ್ನೂ ಧೈರ್ಯವನ್ನೂ ಕಲಿತು, ಕೊನೆಗೆ ಮನುಷ್ಯನಾಗಿ ಮನೆಗೆ ಮರಳುತ್ತಾನೆ.

1906 ಮತ್ತು 1907ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಈ ಪುಸ್ತಕ ಶಾಲೆಯ ಗೋಡೆಗಳನ್ನು ದಾಟಿ ಲೋಕದ ನಾನಾ ಭಾಷೆಗಳಿಗೆ ಹೋಯಿತು. ಪ್ರಾಣಿಗಳ ವರ್ತನೆಯನ್ನು ಕುರಿತ ಸಂಶೋಧನೆಗಾಗಿ 1973ರಲ್ಲಿ ನೊಬೆಲ್ ಬಹುಮಾನ ಪಡೆದ ಕಾನ್ರಾಡ್ ಲೊರೆಂಟ್ಸ್, ಬಾತುಗಳ ಮೇಲೆ ತನಗೆ ಒಲವು ಹುಟ್ಟಿದುದು ಬಾಲ್ಯದಲ್ಲಿ ಈ ಕಥೆಯನ್ನು ಕೇಳಿದುದರಿಂದ ಎಂದು ಹೇಳಿಕೊಂಡಿದ್ದಾನೆ. ಜಪಾನಿನ ಕಾದಂಬರಿಕಾರ ಕೆಂಜಬುರೊ ಓಎ 1994ರಲ್ಲಿ ನೊಬೆಲ್ ಬಹುಮಾನವನ್ನು ಸ್ವೀಕರಿಸುವಾಗ, ಯುದ್ಧಕಾಲದ ತನ್ನ ಬಾಲ್ಯದಲ್ಲಿ ಓದಿದ ಪುಸ್ತಕಗಳಲ್ಲಿ ನಿಲ್ಸನ ಕಥೆಯನ್ನು ನೆನೆದನು. ಒಂದು ಪಠ್ಯಪುಸ್ತಕಕ್ಕೆ ಇದಕ್ಕಿಂತ ಹೆಚ್ಚಿನ ಸಾರ್ಥಕತೆ ಬೇಕೆ?

ಈ ಪುಸ್ತಕದಲ್ಲಿ ಒಂದು ಮನೋಹರವಾದ ಸನ್ನಿವೇಶವಿದೆ. ಸ್ವೀಡನ್ನನ್ನು ಕುರಿತು ಮಕ್ಕಳ ಪುಸ್ತಕ ಬರೆಯಲು ದಾರಿ ಕಾಣದೆ ತೊಳಲುತ್ತಿದ್ದ ಒಬ್ಬ ಲೇಖಕಿ, ತಾನು ಬೆಳೆದ ಹಳೆಯ ಮನೆಯನ್ನು ನೋಡಲು ಬರುತ್ತಾಳೆ. ತೋಟದಲ್ಲಿ ಗೂಬೆಯ ಹಿಡಿತಕ್ಕೆ ಸಿಕ್ಕಿದ್ದ ಗೇಣುದ್ದದ ಹುಡುಗನನ್ನು ಬಿಡಿಸುತ್ತಾಳೆ. ಅವನು ತನ್ನ ಪ್ರಯಾಣದ ಕಥೆಯನ್ನು ಹೇಳುತ್ತಾನೆ; ಆಕೆಗೆ ಬೇಕಾಗಿದ್ದ ಪುಸ್ತಕ ಸಿಕ್ಕಿಬಿಡುತ್ತದೆ. ಆ ಲೇಖಕಿ ಸೆಲ್ಮಾಳೇ. ಆ ಮನೆ ಮೋರ್ಬಾಕವೇ. ಕಥೆಯಲ್ಲಿ ಮನೆಗೆ ಮರಳಿದ ಆಕೆ ನಿಜವಾಗಿಯೂ ಮರಳುವ ಕಾಲ ಹತ್ತಿರವಾಗಿತ್ತು. 1907ರಲ್ಲಿ ಮೋರ್ಬಾಕದ ಮನೆಯನ್ನು ಆಕೆ ಕೊಂಡುಕೊಂಡಳು. ಅದೇ ವರ್ಷ ಉಪ್ಸಾಲಾ ವಿಶ್ವವಿದ್ಯಾನಿಲಯ ಆಕೆಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು.

ನೊಬೆಲ್ ಬಹುಮಾನಕ್ಕೆ ಆಕೆಯ ಹೆಸರು ಹಲವು ವರ್ಷ ಸೂಚಿತವಾಗಿತ್ತು. ಆದರೆ ಸ್ವೀಡಿಷ್ ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ ವಿರ್ಸೆನ್ ಆಕೆಯ ಬರೆವಣಿಗೆಯ ರೀತಿಯನ್ನು ಒಪ್ಪದೆ ವಿರೋಧಿಸುತ್ತ ಬಂದಿದ್ದನು. ಕೊನೆಗೆ 1909ರಲ್ಲಿ ಸದಸ್ಯರ ಬಹುಮತ ಆಕೆಯ ಕಡೆಗೆ ನಿಂತಿತು. ಡಿಸೆಂಬರ್ 10ರಂದು ಸ್ಟಾಕ್‌ಹೋಮಿನ ಔತಣಕೂಟದಲ್ಲಿ ಆಕೆ ಮಾಡಿದ ಭಾಷಣ ಒಂದು ಕಥೆಯ ರೂಪದಲ್ಲಿತ್ತು. ರಾಜಧಾನಿಗೆ ರೈಲಿನಲ್ಲಿ ಬರುತ್ತ ತಾನು ಸ್ವರ್ಗದಲ್ಲಿ ತಂದೆಯನ್ನು ಭೇಟಿಯಾದಂತೆ ಕಲ್ಪಿಸಿಕೊಂಡುದನ್ನು ಆಕೆ ಸಭೆಗೆ ತಿಳಿಸಿದಳು. ತಾನು ಭಾರಿ ಸಾಲದಲ್ಲಿ ಸಿಕ್ಕಿಕೊಂಡಿರುವುದಾಗಿ ಮಗಳು ತಂದೆಗೆ ಹೇಳುತ್ತಾಳೆ. ಹಣದ ಸಾಲವಿರಬೇಕೆಂದು ತಂದೆ ಭಾವಿಸುತ್ತಾನೆ. ಆಗ ಮಗಳು ಲೆಕ್ಕ ಒಪ್ಪಿಸುತ್ತಾಳೆ: ಊರೂರು ಅಲೆದು ಹಾಡಿದ ಬಡವರಿಗೆ, ಕಾಡಂಚಿನ ಗುಡಿಸಲುಗಳಲ್ಲಿ ಕಥೆ ಹೇಳಿದ ಮುದುಕರಿಗೆ, ಭಾಷೆಯನ್ನು ಹದಗೊಳಿಸಿಕೊಟ್ಟ ಹಿಂದಿನ ಬರೆಹಗಾರರಿಗೆ, ತನ್ನನ್ನು ಓದಿದವರಿಗೆ, ಈಗ ಇಂತಹ ಗೌರವ ನೀಡಿದವರಿಗೆ ತಾನು ಪಟ್ಟಿರುವ ಋಣವನ್ನು ತೀರಿಸುವುದು ಹೇಗೆ? ಕೀರ್ತಿಯ ಶಿಖರದಲ್ಲಿ ನಿಂತಾಗ ತಾನು ಗಳಿಸಿದುದನ್ನು ಎಣಿಸದೆ, ತಾನು ಪಡೆದುದನ್ನು ಎಣಿಸಿದ ಹಿರಿಮೆ ಆಕೆಯದು. ಬಹುಮಾನದ ಹಣದಿಂದ ಆಕೆ ಮೋರ್ಬಾಕದ ಹೊಲಗದ್ದೆಗಳನ್ನೂ ಬಿಡಿಸಿಕೊಂಡಳು.

ಈ ಕೀರ್ತಿಯನ್ನು ಸೆಲ್ಮಾ ತನ್ನೊಬ್ಬಳ ಸೊತ್ತೆಂದು ಭಾವಿಸಲಿಲ್ಲ. ಅಂದಿಗೆ ಸ್ವೀಡನ್ನಿನ ಸ್ತ್ರೀಯರಿಗೆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತದಾನದ ಹಕ್ಕಿರಲಿಲ್ಲ. 1911ರಲ್ಲಿ ಸ್ಟಾಕ್‌ಹೋಮಿನಲ್ಲಿ ಮಹಿಳಾ ಮತಾಧಿಕಾರದ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಆಕೆ ಮನೆ ಮತ್ತು ರಾಷ್ಟ್ರ ಎಂಬ ವಿಷಯವನ್ನು ಕುರಿತು ಮಾತನಾಡಿದಳು. ಮನೆಯನ್ನು ಕಟ್ಟುವುದರಲ್ಲಿ ಸ್ತ್ರೀಪುರುಷರಿಬ್ಬರೂ ಕೂಡಿ ದುಡಿದರು. ಆದುದರಿಂದ ಅಲ್ಲಿ ನೆಮ್ಮದಿ ಉಂಟಾಯಿತು. ರಾಷ್ಟ್ರವನ್ನು ಪುರುಷರು ತಾವೊಬ್ಬರೇ ಕಟ್ಟಿದರು; ಆದುದರಿಂದ ಅದು ಇನ್ನೂ ಎಲ್ಲರ ಮನೆಯಾಗಿಲ್ಲ. ಇದು ಆಕೆಯ ವಾದದ ತಿರುಳು. ಅಲ್ಲಿಂದ ಹತ್ತು ವರ್ಷಗಳಾದ ಮೇಲೆ, 1921ರ ಚುನಾವಣೆಯಲ್ಲಿ ಸ್ವೀಡನ್ನಿನ ಸ್ತ್ರೀಯರು ಮೊದಲ ಬಾರಿಗೆ ಮತ ನೀಡಿದರು. ಈ ನಡುವೆ 1914ರಲ್ಲಿ ಆಕೆ ಸ್ವೀಡಿಷ್ ಅಕಾಡೆಮಿಯ ಪ್ರಥಮ ಮಹಿಳಾ ಸದಸ್ಯೆಯಾಗಿ ಚುನಾಯಿತಳಾದಳು. ಒಮ್ಮೆ ತನ್ನ ಯೋಗ್ಯತೆಯನ್ನು ತೂಗಿದ ಸಭೆಯಲ್ಲಿ ಆಕೆ ತಾನೇ ಆಸನ ಪಡೆದಳು.

ಮೋರ್ಬಾಕದಲ್ಲಿ ಆಕೆ ಲೇಖಕಿಯಷ್ಟೇ ಅಲ್ಲ, ಒಕ್ಕಲುತನ ನಡೆಸುವ ಒಡತಿಯೂ ಆದಳು. ಓಟ್ಸ್ ಧಾನ್ಯದ ಹಿಟ್ಟನ್ನು ತಯಾರಿಸಿ ಮಾರುವ ಉದ್ಯಮವನ್ನು ಆರಂಭಿಸಿ ಊರವರಿಗೆ ಕೆಲಸ ಒದಗಿಸಿದಳು. ನೆರವು ಬೇಡುವ ಸಾವಿರಾರು ಪತ್ರಗಳು ಆಕೆಗೆ ಬರುತ್ತಿದ್ದುವು. 1921ರಿಂದ 1923ರವರೆಗೆ ಹಳೆಯ ಮನೆಯನ್ನು ಭವ್ಯವಾಗಿ ಪುನರ್ನಿರ್ಮಿಸಲಾಯಿತು. ಅಲ್ಲಿಯೇ ಕುಳಿತು ಆಕೆ ‘ಮೋರ್ಬಾಕ’ ಮೊದಲಾದ ಮೂರು ಸಂಪುಟಗಳಲ್ಲಿ ಬಾಲ್ಯದ ನೆನಪುಗಳನ್ನು ಬರೆದಳು. ಆಕೆಯ ಕಾದಂಬರಿಗಳು ಮೂಕಿ ಚಲನಚಿತ್ರಗಳಾಗಿಯೂ ಜನರನ್ನು ಮುಟ್ಟಿದುವು. 1924ರಲ್ಲಿ ತೆರೆಗೆ ಬಂದ ‘ಗೋಸ್ಟಾ ಬರ್ಲಿಂಗ್’ ಚಿತ್ರದಿಂದ ಗ್ರೇಟಾ ಗಾರ್ಬೊ ಎಂಬ ನಟಿ ಬೆಳಕಿಗೆ ಬಂದಳು.

ಮುಪ್ಪಿನಲ್ಲಿಯೂ ಆಕೆಯ ಔದಾರ್ಯ ಕುಂದಲಿಲ್ಲ. 1939ರ ಚಳಿಗಾಲದಲ್ಲಿ ಸೋವಿಯತ್ ಒಕ್ಕೂಟ ನೆರೆಯ ಫಿನ್ಲೆಂಡಿನ ಮೇಲೆ ಯುದ್ಧ ಹೂಡಿದಾಗ, ಆ ದೇಶದ ನೆರವಿಗೆಂದು ಆಕೆ ತನ್ನ ನೊಬೆಲ್ ಚಿನ್ನದ ಪದಕವನ್ನೇ ಕಳುಹಿಸಿದಳು. ಅದರಿಂದ ಮನಕರಗಿದ ಫಿನ್ಲೆಂಡಿನವರು ಬೇರೆ ಬಗೆಯಿಂದ ಹಣ ಕೂಡಿಸಿ ಪದಕವನ್ನು ಹಿಂತಿರುಗಿಸಿದರು. ಅದೇ ದಿನಗಳಲ್ಲಿ, ಜರ್ಮನಿಯಲ್ಲಿ ನಾಜಿಗಳ ಕ್ರೌರ್ಯಕ್ಕೆ ಗುರಿಯಾಗಲಿದ್ದ ನೆಲ್ಲಿ ಸಾಕ್ಸ್ ಎಂಬ ಯೆಹೂದಿ ಕವಯಿತ್ರಿಯ ಪ್ರಾಣವನ್ನು ಉಳಿಸಲು ಆಕೆ ಪ್ರಯತ್ನಿಸಿದಳು. ನೆಲ್ಲಿ ಬಾಲ್ಯದಲ್ಲಿ ‘ಗೋಸ್ಟಾ ಬರ್ಲಿಂಗ’ನನ್ನು ಓದಿ ಮೆಚ್ಚಿ, ಅನೇಕ ವರ್ಷಗಳಿಂದ ಸೆಲ್ಮಾಳಿಗೆ ಪತ್ರ ಬರೆಯುತ್ತಿದ್ದವಳು. ಆಕೆಯೂ ಆಕೆಯ ತಾಯಿಯೂ 1940ರ ಮೇ ತಿಂಗಳಲ್ಲಿ ಸ್ವೀಡನ್ನಿಗೆ ಕ್ಷೇಮವಾಗಿ ಬಂದು ಸೇರಿದರು. ಆದರೆ ಅವರನ್ನು ಸ್ವಾಗತಿಸಲು ಸೆಲ್ಮಾ ಇರಲಿಲ್ಲ. 1940ನೆಯ ಮಾರ್ಚ್ 16ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ತಾನು ಹುಟ್ಟಿದ ಮನೆಯಲ್ಲಿಯೇ ಆಕೆ ಕೊನೆಯುಸಿರೆಳೆದಿದ್ದಳು. ಹೀಗೆ ಬದುಕಿ ಉಳಿದ ನೆಲ್ಲಿ ಸಾಕ್ಸಳಿಗೆ 1966ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನ ದೊರೆಯಿತು.

ಸೆಲ್ಮಾಳ ಇಚ್ಛೆಯಂತೆ ಮೋರ್ಬಾಕವನ್ನು 1942ರಲ್ಲಿ ಸಾರ್ವಜನಿಕರ ದರ್ಶನಕ್ಕೆ ತೆರೆಯಲಾಯಿತು. ಸ್ವೀಡನ್ ಸರಕಾರ 1991ರಲ್ಲಿ ಹೊರತಂದ 20 ಕ್ರೋನಾ ನೋಟಿನ ಒಂದು ಬದಿಯಲ್ಲಿ ಆಕೆಯ ಮುಖವೂ ಇನ್ನೊಂದು ಬದಿಯಲ್ಲಿ ಬಾತಿನ ಬೆನ್ನೇರಿ ಹಾರುವ ನಿಲ್ಸನ ಚಿತ್ರವೂ ಇದ್ದುವು. 2016ರವರೆಗೆ ಜನರ ಕೈಯಿಂದ ಕೈಗೆ ಅವು ಸಂಚರಿಸಿದುವು. ಸಾಲದಿಂದ ಮನೆ ಕಳೆದುಕೊಂಡ ಹುಡುಗಿಯ ಮುಖ ಒಂದು ದೇಶದ ನಾಣ್ಯಕ್ಕೆ ಮುದ್ರೆಯಾದುದು ವಿಧಿಯ ವಿನೋದವೆನ್ನಬೇಕು. ದೇಹದ ಊನ, ಬಡತನ, ಹೆಣ್ಣೆಂಬ ಕಟ್ಟುಪಾಡು, ವಿಮರ್ಶಕರ ತಿರಸ್ಕಾರ ಯಾವುದೂ ಆಕೆಯನ್ನು ತಡೆಯಲಿಲ್ಲ. ಅಜ್ಜಿಯಿಂದ ಕೇಳಿದ ಕಥೆಗಳನ್ನು ಆಕೆ ಹಗುರವೆಂದು ಎಣಿಸಲಿಲ್ಲ. ಅವನ್ನು ನೆಚ್ಚಿ ದುಡಿದಳು, ಅವುಗಳಿಂದ ಮನೆಯನ್ನು ಮರಳಿ ಪಡೆದಳು, ಪಡೆದುದನ್ನು ಇತರರೊಡನೆ ಹಂಚಿಕೊಂಡಳು. ಋಣವನ್ನು ನೆನೆಯುವವರು ಅದನ್ನು ತೀರಿಸುವ ದಾರಿಯನ್ನೂ ಕಂಡುಕೊಳ್ಳುತ್ತಾರೆ ಎಂಬುದಕ್ಕೆ ಸೆಲ್ಮಾ ಲಾಗರ್‌ಲಾಫಳ ಬಾಳು ನಿದರ್ಶನವಾಗಿದೆ.